ಬಲಗಡೆ ಬಾಗಿಲು

ಸಿದ್ದಾಪುರದ ಸಂತೆ ದಾಟಿ, ಪಾಲಿಬೆಟ್ಟದ ದಾರಿಯಲ್ಲಿ
ನನ್ನ ತಗಡಿನ ಶೆಡ್ಡು. ಬೋರ್ಡಿಲ್ಲ.
ವಾಸನೆಯೇ ಬೋರ್ಡು.

ಮೊಣ್ಣಪ್ಪ ಹಳೆ ಜೆನ್ ನಿಲ್ಲಿಸಿದ.
ಎಡಗಿವಿ ನನ್ನ ಕಡೆ ತಿರುಗಿಸಿ, "ಇತ್ತ ಹೇಳು,
ಆ ಕಡೆಯದು ರಜೆಯಲ್ಲಿದೆ" ಅಂದ.
ಮೂರು ವರ್ಷದ ಕೆಳಗೆ, ತೋಟದಿಂದ ಆನೆ ಓಡಿಸುವಾಗ
ಪಕ್ಕದವನ ಕೈಯ ಪಟಾಕಿ
ಬತ್ತಿಯ ಲೆಕ್ಕ ತಪ್ಪಿತು.
ಆನೆ ಹೋಯಿತು. ಕಿವಿಯೂ ಹೋಯಿತು.
ಆನೆ ಮಾತ್ರ ಮರುದಿನ ವಾಪಸು ಬಂತು.

"ಎರಡೂ ಬಾಗಿಲಿಗೆ ಆರೂವರೆ ಇಂಚು."
ಬಂದ ವ್ಯಾಪಾರ ಬೇಡ ಅನ್ನುವವನಲ್ಲ ನಾನು,
ಆದರೂ ಕೇಳಿದೆ: ಬಲಕ್ಕೆ ಯಾಕೆ ದುಡ್ಡು ಸುರೀತೀರಿ?
ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ.
ಆ ಕಿವಿಗೆ ಆ ಅನುಕೂಲವೂ ಇತ್ತು.

ಪ್ಯಾನೆಲ್ ಕಳಚಿದಾಗ ಒಳಗೆ ಸಿಕ್ಕಿದ್ದು
ಒಂದು ಹೇರ್‌ಪಿನ್, ಎರಡು ಕಿತ್ತಳೆ ಬೀಜ,
ಮಣ್ಣು ಹಿಡಿದ ಐವತ್ತು ಪೈಸೆ.
ಜಿನೀಶ್ ಎಲ್ಲವನ್ನೂ ಬೆಂಕಿಪೊಟ್ಟಣಕ್ಕೆ ತುಂಬಿ
ಮೇಲೆ ಕಾರಿನ ನಂಬರು ಬರೆದಿಟ್ಟ.

ಪ್ಲೈವುಡ್ಡಿನ ಬಳೆ ಕೊಯ್ದು, ಕಡ್ಡಿ ಊರಿ
ಓರೆಯಾಗಿ ನಿಲ್ಲಿಸಬೇಕು.
ಎಷ್ಟು ಓರೆ ಅನ್ನುವುದೇ ವಿದ್ಯೆ.
ಎಡದ್ದು ಸುಲಭ: ಮೊಣ್ಣಪ್ಪನನ್ನು ಸೀಟಲ್ಲಿ ಕೂರಿಸಿ
ಬಳೆಯ ನಡುವಿಂದ ಕಿವಿಯವರೆಗೆ ದಾರ ಎಳೆದೆ,
ದಾರ ನೋಡಿದತ್ತ ಬಳೆ ವಾಲಿತು.
ಬಲದ್ದಕ್ಕೆ ದಾರ ಎಲ್ಲಿಗೆ?
ತುದಿ ಹಿಡಿದು ನಿಂತೇ ಇದ್ದೆ.
ಅವನೇ ಕಸಿದುಕೊಂಡು
ಮೊಣಕಾಲಿಗೆ ಒತ್ತಿ ಹಿಡಿದ.
"ಇಲ್ಲಿಗೆ."

ಮೇಲೆ ಹೊದಿಸಲು ಜಗ್ಗುವ ಬಟ್ಟೆ ಬೇಕು.
ಡಿಕ್ಕಿಯಿಂದ ಹಳೆ ಟೀಶರ್ಟು ಕೊಟ್ಟ, ಕೆಲಸದ್ದು,
ಬೆನ್ನ ಮೇಲೆ ಮಾಸಿದ ಹಳದಿಯಲ್ಲಿ
ಆನೆ ಇದೆ ಎಚ್ಚರಿಕೆ.
ಎಳೆದೆಳೆದು ಪಿನ್ನು ಹೊಡೆದೆವು. ಅಕ್ಷರ ಅಗಲವಾದವು.
"ಆನೆ" ಎಡ ಬಾಗಿಲಿಗೆ, "ಎಚ್ಚರಿಕೆ" ಬಲಕ್ಕೆ,
"ಇದೆ" ಕತ್ತರಿಗೆ ಸಿಕ್ಕಿ ನೆಲಕ್ಕೆ.

ರೆಸಿನ್ನಿಗೆ ಹಾರ್ಡನರ್ ನೂರಕ್ಕೆ ಎರಡು ಅನ್ನುತ್ತದೆ ಡಬ್ಬಿ.
ಡಬ್ಬಿ ಬರೆದವನು ಡಿಸೆಂಬರಿನ ಸಿದ್ದಾಪುರ ಕಂಡವನಲ್ಲ.
ಇಲ್ಲಿ ಹತ್ತು ಗಂಟೆಗೂ ಮಂಜು ಒಳಗೆ ಬಂದು
ಸ್ಟೂಲ್ ಎಳೆದು ಕೂರುತ್ತದೆ.
ಎರಡೂವರೆ ಹಾಕಿದೆ. ಸಂಜೆಯಾದರೂ ಬೆರಳಿಗೆ ಅಂಟು,
ಹಲಸಿನ ಮೇಣದ ಹಾಗೆ.

ಮರುದಿನ ಬೀಪಾತುಮ್ಮನ ಕಣಕ್ಕೆ ಹೊತ್ತೆವು.
ಒಣಗಲು ಹರಡಿದ ಕಾಫಿಹಣ್ಣಿನ ನಡುವೆ
ಚಾಪೆಯಗಲ ಜಾಗ ಬಿಡಿಸಿ ಮಲಗಿಸಿದೆವು.
"ಹಣ್ಣಿಗೆ ವಾಸನೆ ಹಿಡೀಲಿ, ನಿನ್ನನ್ನೇ ಪಲ್ಪರಿಗೆ ಹಾಕ್ತೇನೆ" ಅಂದರು.
ಹಾಗಂದವರು ಹಣ್ಣು ತಿರುವುತ್ತ ತಿರುವುತ್ತ ಬಂದು
ನಮ್ಮ ಪ್ಯಾನೆಲ್ಲನ್ನೂ ಬಿಸಿಲ ಕಡೆ ತಿರುವಿಟ್ಟು ಹೋದರು.

ಆಮೇಲೆ ಗಾಜಿನ ಮ್ಯಾಟು, ಮೂರು ಪದರ,
ಬ್ರಶ್ಶಿನಲ್ಲಿ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ಬಿಡಿಸಿ.
ಆಮೇಲೆ ಪುಟ್ಟಿ. ಆಮೇಲೆ ಉಜ್ಜು, ಎಂಬತ್ತರ ಕಾಗದ,
ನೂರಿಪ್ಪತ್ತರದು, ಮತ್ತೆ ಉಜ್ಜು.
ಗಾಜಿನ ನೂಲು ಚರ್ಮ ಹೊಕ್ಕರೆ
ಮೊಣಕೈಯ ಮಡಿಕೆಯಲ್ಲಿ ಕೆಂಜಿರುವೆ ಸಂಸಾರ.
ಅಂಥ ದಿನ ಮನೆಗೆ ಹೋಗಿ
ಮಗಳನ್ನು ಎತ್ತಿಕೊಳ್ಳುವುದಿಲ್ಲ ನಾನು.
ಅವಳು ಕೈ ಚಾಚುತ್ತಾಳೆ, ನಾನು ತಣ್ಣೀರಿಗೆ ಹೋಗುತ್ತೇನೆ.

ಶನಿವಾರ ಕಪ್ಪು ರೆಕ್ಸಿನ್ ಹೊದಿಸಿ ಕೂರಿಸಿದೆವು.
ಮೊಣ್ಣಪ್ಪ ಫೋನಲ್ಲಿ ತಂಗಿಯ ಮದುವೆಯ ವಾಲಗ ಹಾಕಿದ,
ಎರಡೂ ಕಿವಿ ಇದ್ದ ಕಾಲದ್ದು.
ಸ್ವಲ್ಪ ಕೇಳಿ, ಗುಬುಟು ತಿರುಗಿಸಿ
ಸದ್ದನ್ನೆಲ್ಲ ಬಲಕ್ಕೆ ತಳ್ಳಿದ.
ಜಿನೀಶ್ ನನ್ನ ಮುಖ ನೋಡಿದ.
ಮೊಣ್ಣಪ್ಪ ಮೊಣಕಾಲನ್ನು ಉಬ್ಬಿಗೆ ಆನಿಸಿ
ಕಣ್ಣು ಮುಚ್ಚಿದ.
ಸ್ಟೇರಿಂಗಿನ ಮೇಲೆ ಬೆರಳು ಹೆಜ್ಜೆ ಹಾಕಿತು,
ಒಂದು ಪೆಟ್ಟೂ ತಪ್ಪಲಿಲ್ಲ.
"ಆನೆ ಕಾಲಲ್ಲೂ ಕೇಳ್ತದೆ, ಗೊತ್ತಾ?" ಅಂದ.
"ಕಿವಿ ತಗೊಂಡಿದ್ದಕ್ಕೆ ಅಷ್ಟಾದರೂ ಕಲಿಸಿತು."

ಮುನ್ನೂರು ಕಡಿಮೆ ಕೊಟ್ಟು ಹೊರಟ.
ತಿರುವಿನ ತನಕ ಜಿನೀಶ್ ಬೆಂಕಿಪೊಟ್ಟಣ ಎತ್ತಿ ಹಿಡಿದು
ಕೂಗುತ್ತ ಓಡಿದ.
ಬಲಗಡೆಯಿಂದ ಓಡಿದ್ದ.
ಪೊಟ್ಟಣ ಇನ್ನೂ ನನ್ನ ಶೆಲ್ಫಿನಲ್ಲಿದೆ.